ಮಾರಾಟಕ್ಕಿರುವ ಮನೆಯನ್ನು ಅಣಿಗೊಳಿಸುವ ಸೇವೆ: ತುಮಕೂರಿನ ಅನುಭವ

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಮ್ಮ ತಂದೆಯವರ ಕಾಲದ ಮನೆಯನ್ನು ಮಾರುವುದೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದ ಮೇಲೆ, ಕೊಳ್ಳುವವರಿಗೆ ತೋರಿಸುವ ಮುನ್ನ ಅದನ್ನು ಅಣಿಗೊಳಿಸಲು ನಗರದ ಒಂದು ಸಣ್ಣ ತಂಡವನ್ನು ಕರೆಸಿದೆವು. ಶುಚಿಗೊಳಿಸುವುದು, ನೆಲಕ್ಕೆ ಹೊಳಪು ಕೊಡುವುದು, ಬಣ್ಣ ಬಳಿಯುವುದು ಮತ್ತು ಬೇಡದ ಸಾಮಾನನ್ನು ತೆರವುಗೊಳಿಸುವುದು ಅವರ ಕೆಲಸ. ಶುಚಿತ್ವದ ವಿಷಯದಲ್ಲಿ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ಆದರೆ ಮನೆಯ ದೋಷವನ್ನು ಗುರುತಿಸಿ ಸರಿಪಡಿಸುವ ವಿಷಯದಲ್ಲಿ ಅವರನ್ನು ನಂಬಿ ಕೂರುವಂತಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ನಮ್ಮ ಹಾಲ್ ಮತ್ತು ಕೋಣೆಗಳದು ಮೊಸಾಯಿಕ್ ನೆಲ. ಜಗುಲಿಯದು ರೆಡ್ ಆಕ್ಸೈಡ್. ವರ್ಷಗಟ್ಟಲೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಒರೆಸಿದ್ದರಿಂದ ಮೂಲೆಗಳಲ್ಲಿ ಬಿಳಿಯ ಪದರ ಕಟ್ಟಿತ್ತು. ಬಂದವರಲ್ಲಿ ಕಿರಿಯನೊಬ್ಬ ಆಸಿಡ್ ಬಾಟಲಿ ತೆಗೆದೊಡನೆ ಹಿರಿಯ ಕೆಲಸಗಾರರು ಅವನನ್ನು ತಡೆದರು. ಮೊಸಾಯಿಕ್ ಎಂದರೆ ಸಿಮೆಂಟಿನಲ್ಲಿ ಕೂರಿಸಿದ ಅಮೃತಶಿಲೆಯ ಚೂರುಗಳು. ಕಲೆ ಸುಣ್ಣದ್ದೇ, ಚೂರುಗಳೂ ಸುಣ್ಣದ ಅಂಶದವೇ, ಆದ್ದರಿಂದ ಕಲೆಯನ್ನು ಕರಗಿಸುವ ಆಸಿಡ್ ನೆಲವನ್ನೂ ತಿಂದು ಅದರ ನುಣುಪನ್ನು ಕಳೆಯುತ್ತದೆ. ಅವರು ನೀರು ಹಾಯಿಸುತ್ತ ಪಾಲಿಶ್ ಯಂತ್ರಕ್ಕೆ ಮೊದಲು ಒರಟು ಕಲ್ಲನ್ನು, ಆಮೇಲೆ ನಯವಾದ ಕಲ್ಲನ್ನು ಕೂರಿಸಿ ಉಜ್ಜಿ, ಕೊನೆಯಲ್ಲಿ ಮೇಣ ಹಚ್ಚಿದರು. ಜಗುಲಿಗೆ ಯಂತ್ರವನ್ನೇ ಇಳಿಸಲಿಲ್ಲ, ಏಕೆಂದರೆ ರೆಡ್ ಆಕ್ಸೈಡ್‌ನ ಬಣ್ಣವಿರುವುದು ತೆಳುವಾದ ಮೇಲ್ಪದರದಲ್ಲಿ. ಅಲ್ಲಿ ಸಾಬೂನು ನೀರು, ಮೆತ್ತನೆಯ ಬಟ್ಟೆ ಮತ್ತು ಮೇಣ ಮಾತ್ರ. ಬಚ್ಚಲಿನ ಟೈಲ್ಸ್‌ಗೆ ತೆಳು ಮಾಡಿದ ಆಸಿಡ್ ಬಳಸಿದರಾದರೂ ನಲ್ಲಿಗಳಿಗೆ ಪ್ಲಾಸ್ಟಿಕ್ ಸುತ್ತಿ ಕಾಪಾಡಿದರು. ಈ ಮಟ್ಟದ ತಿಳಿವಳಿಕೆ ಸುಲಭವಾಗಿ ಸಿಗುವುದಿಲ್ಲ. ಹಳೆಯ ಮನೆಯ ನೆಲ ಅದರ ದೊಡ್ಡ ಆಸ್ತಿ. ಅದನ್ನು ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿರೆಂದು ದಲ್ಲಾಳಿಯೊಬ್ಬರು ಕೊಟ್ಟ ಸಲಹೆಯನ್ನು ನಾವು ಕೇಳದಿದ್ದುದು ಒಳ್ಳೆಯದೇ ಆಯಿತು.

ಸಾಮಾನು ತೆರವುಗೊಳಿಸುವಲ್ಲಿಯೂ ಅವರು ವಿವೇಚನೆ ತೋರಿದರು. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆಗಳನ್ನು ಪಟ್ಟಿ ಮಾಡಿಕೊಟ್ಟು ನಮ್ಮಿಂದ ಸಹಿ ಪಡೆದ ನಂತರವೇ ಕೆಳಗಿಳಿಸಿದರು. ದೇವರ ಮನೆಯನ್ನು ಮುಟ್ಟಲಿಲ್ಲ. ಫೋಟೋಗಳನ್ನು ಮನೆಯವರೇ ತೆಗೆಯಬೇಕೆಂದರು. ಬೀರುಗಳನ್ನು ಕಿಟಕಿಯ ಎದುರಿನಿಂದ ಸರಿಸಿದ್ದರಿಂದ ನಡುಮನೆಗೆ ಬಹಳ ಬೆಳಕು ಬಂತು. ದೀಪ, ಪರದೆಗಳ ವಿಷಯದಲ್ಲಿ ವಿಶೇಷವೇನೂ ಇಲ್ಲ.

ಈಗ ಆಕ್ಷೇಪಣೆಗೆ ಬರುತ್ತೇನೆ. ಬಚ್ಚಲಿಗೂ ಮಲಗುವ ಕೋಣೆಗೂ ನಡುವಣ ಗೋಡೆ ತೇವ ಹಿಡಿದು, ಬುಡದಲ್ಲಿ ಉಪ್ಪೆದ್ದು, ಬಣ್ಣ ಹಕ್ಕಳೆಯಂತೆ ಉದುರುತ್ತಿತ್ತು. ತಂಡದ ಮೇಲ್ವಿಚಾರಕರು ಅದನ್ನು ನೋಡಿ, "ಪುಟ್ಟಿ ಎಳೆದು ಎರಡು ಕೋಟ್ ಕೊಟ್ಟುಬಿಡೋಣ ಸರ್, ರಿಜಿಸ್ಟ್ರೇಷನ್ ಆಗೋವರೆಗೆ ಏನೂ ಕಾಣಲ್ಲ" ಎಂದರು. ಈ ಮಾತನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಇಟ್ಟಿಗೆಯೊಳಗಿನ ನೀರು ಉಪ್ಪನ್ನು ಹೊತ್ತು ಹೊರಮೈಗೆ ಬಂದು ಆರಿದಾಗ ಉಪ್ಪು ಹರಳುಗಟ್ಟಿ ಗಾರೆಯನ್ನೇ ತಳ್ಳುತ್ತದೆ. ನೀರಿನ ಮೂಲವನ್ನು ಮುಚ್ಚದೆ ಮೇಲೆ ಏನು ಬಳಿದರೂ ಅದು ಮತ್ತೆ ಎದ್ದು ಬರುವುದೇ ಸರಿ, ಆ ಹೊತ್ತಿಗೆ ಅಲ್ಲಿ ಬೇರೊಂದು ಸಂಸಾರ ಇರುತ್ತದೆ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಹಚ್ಚಲಾಗದಂಥ, ಆದರೆ ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ಅವರಿಗೆ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ಜೀವಮಾನದ ಉಳಿತಾಯ ಹಾಕಿ ಮನೆ ಕೊಳ್ಳುವವರಿಗೆ ಹೀಗೆ ಮಾಡುವುದು ಅನ್ಯಾಯ.

ನಾವು ಬೇರೆಯಾಗಿ ಪ್ಲಂಬರ್ ಒಬ್ಬರನ್ನು ಕರೆಸಿದಾಗ, ಗೋಡೆಯೊಳಗಿನ ಪೈಪಿನ ಜೋಡಣೆ ಸೋರುತ್ತಿರುವುದು ಗೊತ್ತಾಯಿತು. ಪೈಪು ಬದಲಿಸಿ, ಕೆಟ್ಟ ಗಾರೆಯನ್ನು ಕೆತ್ತಿಸಿ, ಗೋಡೆ ಒಣಗುವವರೆಗೂ ಬರಿದಾಗಿಯೇ ಬಿಟ್ಟೆವು. ಮನೆ ನೋಡಲು ಬಂದವರಿಗೆ ಆ ಜಾಗವನ್ನು ನಾವೇ ತೋರಿಸಿ, ದುರಸ್ತಿಯ ರಸೀದಿಯನ್ನೂ ಕೊಟ್ಟೆವು. ಅದನ್ನು ಕಂಡು ಹಿಂದೆ ಸರಿದವರು ಯಾರೂ ಇಲ್ಲ; ಉಳಿದ ಗೋಡೆಗಳ ಬಗ್ಗೆ ಕೇಳಿದ ಪ್ರಶ್ನೆಗಳು ಮಾತ್ರ ಕಡಿಮೆಯಾದವು.

ಈ ತಂಡದ ಪಟ್ಟಿಯಲ್ಲಿ ಇಲ್ಲದ, ಆದರೆ ನಮ್ಮ ಊರಿನಲ್ಲಿ ಬಣ್ಣಕ್ಕಿಂತ ಹೆಚ್ಚು ಮುಖ್ಯವಾದ ಕೆಲಸವೆಂದರೆ ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಸುವುದು. ನಗರಕ್ಕೆ ಕುಡಿಯಲು ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗುವ ಹೇಮಾವತಿ ನೀರು. ಅದು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ಇದೆಯೇ, ಸಂಪು ಎಷ್ಟು ಲೀಟರಿನದು ಎಂಬುದನ್ನು ಬಂದವರೆಲ್ಲ ಕೇಳುತ್ತಾರೆ, ಮುಚ್ಚಳ ತೆಗೆಸಿ ನೋಡುತ್ತಾರೆ. ನಾವು ಕೇಳಿದ ಮೇಲೆ ಹೆಚ್ಚುವರಿ ಹಣಕ್ಕೆ ತೊಳೆದುಕೊಟ್ಟರು, ಚೆನ್ನಾಗಿಯೇ ತೊಳೆದರು; ಆದರೆ ಇದು ಮೂಲ ಪಟ್ಟಿಯಲ್ಲಿಯೇ ಇರಬೇಕಿತ್ತು. ವಾಸ್ತು ನೋಡುವವರನ್ನು ಜೊತೆಗೆ ಕರೆತರುವವರೂ ಉಂಟಾದ್ದರಿಂದ, ದಿಕ್ಕುಗಳನ್ನು ಗುರುತಿಸಿದ ಮನೆಯ ನಕ್ಷೆಯೊಂದನ್ನು ಇ-ಖಾತೆ, ಋಣಭಾರ ಪ್ರಮಾಣಪತ್ರ ಮತ್ತು ಕಂದಾಯ ರಸೀದಿಗಳ ಪ್ರತಿಗಳೊಂದಿಗೆ ಸಿದ್ಧವಾಗಿಟ್ಟುಕೊಂಡಿರುವುದು ಒಳ್ಳೆಯದು. ಇದು ಮಾರುವವರದೇ ಕೆಲಸ, ತಂಡದಿಂದ ನಿರೀಕ್ಷಿಸುವಂಥದ್ದಲ್ಲ.

ಶುಲ್ಕವನ್ನು ಚದರ ಅಡಿಯ ಲೆಕ್ಕದಲ್ಲಿ ಹೇಳುತ್ತಾರೆ. ನೆಲದ ಪಾಲಿಶ್ ಮತ್ತು ಅಟ್ಟ ಖಾಲಿ ಮಾಡುವ ಕೂಲಿ ಅದರಲ್ಲಿ ಸೇರಿರುವುದಿಲ್ಲ. ಕೆಲಸದ ಗುಣಮಟ್ಟಕ್ಕೆ ಈ ದರ ಹೆಚ್ಚೆನಿಸಲಿಲ್ಲ. ಗೋಡೆಗಳು ಒಣಗಿರುವ ಮನೆಯವರು ಇಂಥ ತಂಡವನ್ನು ಧೈರ್ಯವಾಗಿ ಕರೆಯಬಹುದು. ಸೋರಿಕೆ ಇದ್ದರೆ ಮೊದಲು ಪ್ಲಂಬರ್ ಬರಲಿ. ಯಾರೇ ಕರೆಸಿದರೂ ಮುಂಗಡ ಕೊಡುವುದಕ್ಕೆ ಮೊದಲು, ಮೊಸಾಯಿಕ್ ನೆಲಕ್ಕೆ ಆಸಿಡ್ ಹಾಕಕೂಡದೆಂದೂ, ತೇವವಿರುವ ಗೋಡೆಗೆ ಒಪ್ಪಿಗೆಯಿಲ್ಲದೆ ಪುಟ್ಟಿ ಹಚ್ಚಕೂಡದೆಂದೂ, ಸಂಪು ತೊಳೆಯುವುದು ಒಟ್ಟು ದರದಲ್ಲಿಯೇ ಸೇರಿದೆಯೆಂದೂ ಚೀಟಿಯಲ್ಲಿ ಬರೆಸಿಕೊಳ್ಳಬೇಕು.