ಹಳೆಯ ಎಕ್ಸ್‌5ರ ಸೀಟಿನಡಿಗೆ ಹೊಸ ಸಬ್‌ವೂಫರ್: ಫೋಕಲ್ ಐಸಬ್ ಜೋಡಿಯ ವಿಮರ್ಶೆ

ಬಿಎಂಡಬ್ಲ್ಯು ಎಕ್ಸ್‌5ರ ಎರಡನೇ ತಲೆಮಾರು, ಅಂದರೆ 2006ರಿಂದ 2013ರವರೆಗೆ ತಯಾರಾದ ಇ70, ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೊಸ ಗಾಡಿಯ ಬೆಲೆಯ ಸಣ್ಣದೊಂದು ಪಾಲಿಗೆ ದೊರೆಯುತ್ತದೆ. ಕೊಳ್ಳುವವರು ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್‌ಗಳನ್ನು ಜತನದಿಂದ ಪರೀಕ್ಷಿಸುತ್ತಾರೆ. ಮುಂದಿನ ಸೀಟುಗಳ ಅಡಿಯಲ್ಲಿ ಮರೆಯಾಗಿರುವ ಎರಡು ಸಬ್‌ವೂಫರ್‌ಗಳ, ಅಂದರೆ ಬೇಸ್ ಎನ್ನುವ ಕೆಳಸ್ತರದ ನಾದ ನುಡಿಸುವ ಸ್ಪೀಕರ್‌ಗಳ ಕಡೆ ಗಮನ ಹರಿಯುವುದು ಅಪರೂಪ. ನಮ್ಮ ಗಾಡಿಯಲ್ಲಿ ಅವು ತೀರಾ ದಣಿದಿದ್ದವು. ವಾಲ್ಯೂಮ್ ಕಡಿಮೆ ಇದ್ದಾಗ ಸಂಗೀತ ಪೇಲವವಾಗಿ ಕೇಳುತ್ತಿತ್ತು, ಏರಿಸಿದರೆ ಗೊರಗೊರ ಸದ್ದು ಬರುತ್ತಿತ್ತು. ಅವುಗಳ ಜಾಗದಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್ ನಗರದ ಫೋಕಲ್ ಕಂಪನಿಯ ‘ಐಸಬ್ ಬಿಎಂಡಬ್ಲ್ಯು’ ಜೋಡಿಯನ್ನು ಕೂರಿಸಿ, ಒಂದು ಮಳೆಗಾಲ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಮೊದಲು ಸಿಕ್ಕ ಸಲಹೆ, ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್ ಪೆಟ್ಟಿಗೆ ಇಡಬೇಕೆಂಬುದು. ಸಾಮಾನು ತುಂಬಿಕೊಂಡು ಊರಿಗೆ ಹೋಗುವ ಕುಟುಂಬಕ್ಕೆ ಅದು ಹೊಂದುವುದಿಲ್ಲ. ಅಲ್ಲದೆ ಸೀಟಿನ ಅಡಿಯ ಜಾಗ ಕಳಪೆಯದೇನೂ ಅಲ್ಲ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನಗಳ ಸ್ವರದ ಅಲೆಯ ಉದ್ದ ಸುಮಾರು 7 ಮೀಟರ್. ಇ70ರ ಉದ್ದ 5 ಮೀಟರಿಗಿಂತ ಕಡಿಮೆ. ಇಷ್ಟು ಉದ್ದದ ಅಲೆ ಯಾವ ಮೂಲೆಯಿಂದ ಹೊರಟಿತೆಂಬುದು ಕಿವಿಗೆ ತಿಳಿಯದು. ಹೀಗಾಗಿ ಬಾಗಿಲಿನ ಹಾಗೂ ಡ್ಯಾಶ್‌ಬೋರ್ಡಿನ ಸ್ಪೀಕರ್‌ಗಳು ಹಾಡನ್ನು ಎದುರಿನಿಂದ ಕೇಳಿಸುತ್ತಿದ್ದರೆ, ಸೀಟಿನಡಿಯ ಬೇಸ್ ಅದರೊಳಗೆ ಸಹಜವಾಗಿ ಬೆರೆತುಹೋಗುತ್ತದೆ. ಮೂಲ ವಿನ್ಯಾಸ ಮಾಡಿದವರ ಈ ಲೆಕ್ಕ ಸರಿಯಾಗಿಯೇ ಇದೆ. ಸೋತಿರುವುದು ವಯಸ್ಸಾದ ಸ್ಪೀಕರ್ ಮಾತ್ರ.

ಅದು ಸೋಲುವುದಕ್ಕೆ ಕಾಲದಷ್ಟೇ ತೇವವೂ ಕಾರಣ. ದೊಡ್ಡ ಗಾಜಿನ ಸನ್‌ರೂಫ್ ಇರುವ ಗಾಡಿಗಳಲ್ಲಿ ಮಳೆನೀರು ಹೊರಹೋಗುವ ಸಣ್ಣ ಕೊಳವೆಗಳಿರುತ್ತವೆ. ಮರದಡಿ ನಿಲ್ಲಿಸುವ ಗಾಡಿಯಲ್ಲಿ ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗಿಳಿದು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ. ಸ್ಪೀಕರ್ ಕೂತಿರುವುದೂ ಅದೇ ಮಟ್ಟದಲ್ಲಿ. ಆದ್ದರಿಂದ ಹೊಸದಕ್ಕೆ ಹಣ ಕೊಡುವ ಮೊದಲು ಕಾರ್ಪೆಟ್ ಎತ್ತಿ ಒಣಗಿದೆಯೇ ಎಂದು ನೋಡಿ, ಕೊಳವೆಗಳನ್ನು ಶುಚಿ ಮಾಡಿಸಲೇಬೇಕೆಂದು ಒತ್ತಿ ಹೇಳುತ್ತೇನೆ. ಒದ್ದೆ ನೆಲದ ಮೇಲೆ ಎಂಥ ದುಬಾರಿ ಸ್ಪೀಕರ್ ಕೂರಿಸಿದರೂ ಅದರ ಆಯಸ್ಸು ಕಡಿಮೆಯೇ.

ಐಸಬ್ 20 ಸೆಂಟಿಮೀಟರ್ ವ್ಯಾಸದ್ದು, 2 ಓಮ್ ಮತ್ತು 4 ಓಮ್ (ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎಂಬ ಎರಡು ಮಾದರಿಗಳಲ್ಲಿ ಸಿಗುತ್ತದೆ, ಮತ್ತು ಆಯ್ಕೆಯ ಹೊತ್ತಿನಲ್ಲಿ ಹೆಚ್ಚಿನ ಎಚ್ಚರ ಬೇಕಾಗಿರುವುದು ಇಲ್ಲೇ. ಎಕ್ಸ್‌5ರಲ್ಲಿ ಆಡಿಯೋ ವ್ಯವಸ್ಥೆಗಳು ಹಲವು. ಹೊರನೋಟಕ್ಕೆ ಒಂದೇ ಬಗೆಯ ಎರಡು ಗಾಡಿಗಳಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್‌ಗಳು ಬೇರೆಬೇರೆ ಇರಬಹುದು. ಹಳೆಯ ಸ್ಪೀಕರನ್ನು ಬಿಚ್ಚಿ, ಅದರ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿಯುವುದು ನಂಬಬಹುದಾದ ದಾರಿ. 4 ಓಮ್ ಸ್ಪೀಕರಿನಲ್ಲಿ ಮೀಟರ್ ಸಾಮಾನ್ಯವಾಗಿ 3ಕ್ಕಿಂತ ತುಸು ಮೇಲೆ, 2 ಓಮ್‌ನದರಲ್ಲಿ 2ಕ್ಕಿಂತ ತುಸು ಕೆಳಗೆ ತೋರಿಸುತ್ತದೆ. 2 ಇರಬೇಕಾದಲ್ಲಿ 4 ಹಾಕಿದರೆ ಸ್ಪೀಕರಿಗೆ ತಲುಪುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಹಣ ಕೊಟ್ಟೂ ಬೇಸ್ ಕಳೆದುಕೊಂಡಂತಾಗುತ್ತದೆ. 4 ಇರಬೇಕಾದಲ್ಲಿ 2 ಹಾಕಿದರೆ ಆಂಪ್ಲಿಫೈಯರ್ ಅಳತೆ ಮೀರಿದ ಕರೆಂಟ್ ಎಳೆದು ಬಿಸಿಯಾಗುತ್ತದೆ. ಈ ಹಳೆಯ ಗಾಡಿಗಳ ಆಂಪ್ಲಿಫೈಯರ್ ಕೆಟ್ಟರೆ ಬರುವ ಖರ್ಚಿನ ಮುಂದೆ ಸ್ಪೀಕರಿನ ಬೆಲೆ ಏನೂ ಅಲ್ಲ.

ಜೋಡಿಸುವ ಕೆಲಸವನ್ನು ನಾನು ಎಲೆಕ್ಟ್ರಿಕಲ್ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ಒಪ್ಪಿಸಿದೆ, ಬೇರೆಯವರೂ ಹಾಗೇ ಮಾಡುವುದು ಒಳ್ಳೆಯದು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್ ವ್ಯವಸ್ಥೆಯದು. ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಕಾಯದೆ ಅದನ್ನು ಮುಟ್ಟಬಾರದು. ಅದು ಕಳಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹೊತ್ತಿ, ಸ್ಕ್ಯಾನರ್ ಹಾಕಿಸುವವರೆಗೆ ಆರುವುದಿಲ್ಲ. ಐಸಬ್ ಮೂಲ ಕನೆಕ್ಟರಿಗೇ ಹೊಂದಿಕೊಂಡಿದ್ದರಿಂದ ವೈರ್ ಕತ್ತರಿಸುವ ಪ್ರಮೇಯ ಬರಲಿಲ್ಲ. ಫೋಕಲ್‌ನವರಿಗೆ ಈ ಒಂದು ಕಾರಣಕ್ಕೇ ನನ್ನ ಮೆಚ್ಚುಗೆ ಸಲ್ಲುತ್ತದೆ. ಸ್ಪೀಕರಿನ ಅಂಚಿನ ಸುತ್ತ ಫೋಮ್ ಪಟ್ಟಿ ಎಲ್ಲೂ ಸಂದಿಯಿಲ್ಲದೆ ಕೂತಿರಬೇಕು; ಇಲ್ಲವಾದರೆ ಸ್ಪೀಕರಿನ ಕಂಪಿಸುವ ಭಾಗವಾದ ಕೋನಿನ ಹಿಂದಿನ ಗಾಳಿ ಮುಂದಿನದರೊಂದಿಗೆ ಬೆರೆತು ಬೇಸ್ ಕರಗುತ್ತದೆ. ಎರಡರಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಅದಲುಬದಲಾದರೂ ಇದೇ ಗತಿ.

ಇನ್ನು ದನಿಯ ವಿಷಯ. ಬೇಸ್ ಎರಡು ಪಟ್ಟಾಗುತ್ತದೆಂದು ಎಣಿಸಿದವರಿಗೆ ಮೊದಲ ದಿನ ನಿರಾಶೆಯಾಗಬಹುದು, ಏಕೆಂದರೆ ಬದಲಾಗುವುದು ಬೇಸ್‌ನ ಪ್ರಮಾಣಕ್ಕಿಂತ ಅದರ ಆಕಾರ. ಮೃದಂಗದ ಎಡಗೈ ಗುಮ್ಕಿ ಹಿಂದೆ ಬರಿಯ ‘ದಬ್’ ಎಂದು ಮುಗಿದುಹೋಗುತ್ತಿತ್ತು. ಈಗ ಸ್ವರ ಮೇಲಕ್ಕೆ ಜಾರುವುದು, ಅಂಗೈ ಒತ್ತಿದಾಗ ನಿಲ್ಲುವುದು ಎರಡೂ ಸ್ಪಷ್ಟವಾಗಿ ಕೇಳುತ್ತವೆ. ಡೊಳ್ಳು ಕುಣಿತದ ಧ್ವನಿಮುದ್ರಣದಲ್ಲಿ ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವು ಕಾಣಿಸಿಕೊಂಡಿದೆ, ಮೊದಲು ಅದು ಒಂದೇ ಗದ್ದಲವಾಗಿತ್ತು. ಯಕ್ಷಗಾನದ ಚಂಡೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಅದರ ನಾದ ಮೇಲಿನ ಸ್ತರದ್ದು. ಮದ್ದಳೆ ಮಾತ್ರ ತುಂಬಿಕೊಂಡಿದೆ. ಸಿನಿಮಾ ಹಾಡುಗಳ ಬೇಸ್ ಗಿಟಾರ್ ಈಗ ಸ್ವರವಾಗಿ ಕೇಳುತ್ತದೆ.

ಮೈಸೂರು ಹೆದ್ದಾರಿಯಲ್ಲಿ ವೇಗ ಹಿಡಿದಾಗ ಟೈರಿನ ಸದ್ದು ಇದೇ ಕೆಳ ಸ್ತರವನ್ನು ಮುಚ್ಚುವುದರಿಂದ ಬೇಸ್ ಒಂದೆರಡು ಹೆಜ್ಜೆ ಏರಿಸಬೇಕಾಗುತ್ತದೆ, ಹಾಗೆ ಏರಿಸಿದಾಗಲೂ ಹಳೆಯ ಗೊರಗೊರ ಮರಳಲಿಲ್ಲ. ಆದರೆ ವಾಲ್ಯೂಮ್ ತುಂಬಾ ಮೇಲೇರಿಸಿದರೆ ಬೇಸ್ ಹಿಂದೆ ಸರಿಯುವುದು ಈಗಲೂ ಇದೆ. ಅದು ಮೂಲ ಆಂಪ್ಲಿಫೈಯರಿನ ಮಿತಿ, ಸ್ಪೀಕರ್ ಬದಲಿಸಿದರೆ ನೀಗುವಂಥದ್ದಲ್ಲ. 40 ಹರ್ಟ್ಸ್‌ಗಿಂತ ಕೆಳಗಿನ, ಎದೆಗೆ ತಟ್ಟುವಂಥ ನಾದ ಬೇಕೆನ್ನುವವರಿಗೆ ಈ ಅಳತೆಯ ಸ್ಪೀಕರ್ ಸಾಲದು. ಅವರು ಡಿಕ್ಕಿಯ ಜಾಗವನ್ನು ಬಿಟ್ಟುಕೊಡಲೇಬೇಕು.

ಹೊಸ ಆಂಪ್ಲಿಫೈಯರ್ ಸೇರಿಸುವ ಮನಸ್ಸಿರುವವರು ಗಮನಿಸಬೇಕಾದ ಸಂಗತಿಯೊಂದಿದೆ. ಇ70ರ ಬ್ಯಾಟರಿ ಡಿಕ್ಕಿಯ ನೆಲದಡಿಯಲ್ಲಿದ್ದು, ಅದರ ಮೈನಸ್ ತುದಿಯಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇದೆ. ಆಂಪ್ಲಿಫೈಯರಿನ ಅರ್ಥ್ ವೈರನ್ನು ನೇರವಾಗಿ ಆ ತುದಿಗೆ ಕಟ್ಟಿದರೆ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಗಾಡಿಯ ಬಾಡಿಗೇ ಕಟ್ಟಿಸಬೇಕು, ಪ್ಲಸ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಬೇಕು. ನಮ್ಮ ಮನೆಯವರ ಕೇಳುವ ಅಭ್ಯಾಸಕ್ಕೆ ಹೊಸ ಆಂಪ್ಲಿಫೈಯರಿನ ಅಗತ್ಯ ಕಂಡಿಲ್ಲ; ಸೀಟಿನಡಿಯ ಈ ಜೋಡಿಯೇ ಸಾಕಾಗಿದೆ.