ಎರಡು ಮನೆ ದೂರದ ಏಟು: ಪ್ಲೇಯರ್ಸ್ ಹ್ಯಾಂಡ್‌ಬುಕ್, ಏಳು ವರ್ಷ ಬಳಸಿದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ನಡೆಸೋ ಆಟ. ಅದರ ಐದನೇ ಆವೃತ್ತಿಯ ನಿಯಮಗಳ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ನನ್ನ ಕೈಗೆ ಬಂದು ಏಳು ವರ್ಷವಾಯಿತು. 2014ರದ್ದು, 320 ಪುಟ. ಈಚೆಗೆ 2024ರ ಪರಿಷ್ಕೃತ ಪುಸ್ತಕವನ್ನೂ ತಗೊಂಡೆ. ಜಯನಗರದ ಗೆಳೆಯನ ಮನೆಯಲ್ಲಿ ಎರಡು ವಾರಕ್ಕೊಮ್ಮೆ ಭಾನುವಾರ ಐದು ಜನ ಸೇರುತ್ತೇವೆ. ಇಷ್ಟು ವರ್ಷವೂ ನಾನು ಆಡಿದ್ದು ಗ್ಲೇವ್ ಹಿಡಿದ ಫೈಟರ್ (ಯೋಧ). ಹಾಗಾಗಿ ಮಂತ್ರಗಳ ಬಗ್ಗೆ, ಬೇರೆ ಕ್ಲಾಸ್‌ಗಳ (ಪಾತ್ರದ ಬಗೆಗಳ) ಬಗ್ಗೆ ಇಲ್ಲಿ ಬರೆಯಲ್ಲ. ಉದ್ದ ಆಯುಧ ಹಿಡಿದವರಿಗೆ ಈ ಪುಸ್ತಕದ ನಿಯಮಗಳು ಹೇಗೆ ಒದಗುತ್ತವೆ ಅನ್ನೋದಷ್ಟೇ ವಿಷಯ.

ಗ್ಲೇವ್ ಅಂದರೆ ಉದ್ದ ಕೋಲಿನ ತುದಿಗೆ ಕೂರಿಸಿದ ಒಂದೇ ಅಲುಗಿನ ಕತ್ತಿ. ನಮ್ಮ ಗುಂಪಿನಲ್ಲಿ ತೀರ್ಥಹಳ್ಳಿ ಕಡೆಯವನೊಬ್ಬ ಇದ್ದಾನೆ. ಚಿತ್ರ ನೋಡಿದವನೇ "ಇದು ನಮ್ಮ ಅಡಿಕೆ ಕೊಯ್ಯೋ ದೋಟಿ ಅಲ್ವೇನೋ" ಅಂದ. ಅವತ್ತಿನಿಂದ ನಮ್ಮಲ್ಲಿ ಅದಕ್ಕೆ ದೋಟಿ ಅಂತಲೇ ಹೆಸರು. ಕಾಳಗಕ್ಕೆ ಹಾಸೋ ನಕ್ಷೆಯ ಚೌಕಗಳನ್ನೂ ನಾವು ಚೌಕಾಬಾರದ ಹಾಗೆ ಮನೆ ಅಂತೀವಿ. ಒಂದು ಮನೆ 5 ಅಡಿ. ಕತ್ತಿ ಪಕ್ಕದ ಮನೆಗೆ ಮುಟ್ಟಿದರೆ ದೋಟಿ 10 ಅಡಿ, ಎರಡು ಮನೆ. ಹೀಗೆ ಆಯುಧ ಮುಟ್ಟೋ ದೂರಕ್ಕೆ ರೀಚ್ ಅಂತಾರೆ. ಕತ್ತಿ ಹಿಡಿದವನ ಸುತ್ತ 8 ಮನೆ ಅವನ ಕೈಗೆ ಸಿಗುತ್ತವೆ, ದೋಟಿ ಹಿಡಿದವನ ಸುತ್ತ 24. ಈ 24 ನೋಡಿಯೇ ನಾನು ದೋಟಿ ಆರಿಸಿದ್ದು.

ಮೊದಲ ವರ್ಷ ಕೈ ಕೊಟ್ಟಿದ್ದೂ ಆ 24 ಮನೆಗಳೇ. ಮೂರು ಮನೆ ಅಗಲದ ಒಂದು ಸೇತುವೆ. ನಡುವೆ ನಾನು, ನನ್ನ ಹಿಂದೆ ಮೂರನೇ ಮನೆಯಲ್ಲಿ ನಮ್ಮ ವಿಝರ್ಡ್ (ಮಂತ್ರವಾದಿ). ಎದುರಿಗೆ ಗಾಬ್ಲಿನ್, ಒಂದು ಕುಳ್ಳ ರಾಕ್ಷಸ. ಗಾಬ್ಲಿನ್‌ಗಳಿಗೆ ನಾವು ಕಾಯಿಯಾಗಿ ಹುಣಸೆ ಬೀಜ ಇಡುತ್ತೇವೆ. ಆ ಬೀಜ ನನ್ನ ಎದುರಿಂದ ಬಲ ಮಗ್ಗುಲಿಗೆ ಬಂತು, ಅಲ್ಲಿಂದ ಬೆನ್ನ ಹಿಂದಕ್ಕೆ, ಮೂರೇ ನಡೆಯಲ್ಲಿ ವಿಝರ್ಡ್ ಪಕ್ಕ ಹೋಗಿ ಕೂತಿತು. ನಾನು ದಾಳ ಎತ್ತಿಕೊಂಡೆ. ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸಿ ಶತ್ರುಗಳನ್ನು ಆಡಿಸುವವನು) ಪುಸ್ತಕ ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಆಪರ್ಚುನಿಟಿ ಅಟ್ಯಾಕ್, ಅಂದರೆ ಶತ್ರುವಿನ ಸರದಿಯಲ್ಲೇ ನಾನು ಕೊಡೋ ಹೆಚ್ಚುವರಿ ಏಟು, ಸಿಗೋದು ಶತ್ರು ನನ್ನ ರೀಚ್ ಬಿಟ್ಟು ಆಚೆ ಹೋದಾಗ. ಗಾಬ್ಲಿನ್ ಎಲ್ಲೂ ಆಚೆ ಹೋಗಲಿಲ್ಲ, ನನ್ನ 24 ಮನೆಯ ಒಳಗೇ ಓಡಾಡಿತು. ನನ್ನ ಕೈಲಿ ಮಾಮೂಲಿ ಕತ್ತಿ ಇದ್ದಿದ್ದರೆ ಕೊನೆಯ ನಡೆಯಲ್ಲಿ ಅದು ನನ್ನ 8 ಮನೆ ದಾಟಿರುತ್ತಿತ್ತು, ಏಟು ತಿಂದಿರುತ್ತಿತ್ತು. ವಿಝರ್ಡ್ ಬಿದ್ದ.

ಆಯುಧ ಉದ್ದವಾದಷ್ಟೂ ಶತ್ರುವಿಗೆ ನಿಮ್ಮ ಸುತ್ತ ಪುಕ್ಕಟೆಯಾಗಿ ಸುತ್ತಾಡೋ ಜಾಗ ಹೆಚ್ಚು. ಇದನ್ನು ಪುಸ್ತಕ ಎಲ್ಲೂ ಬಿಡಿಸಿ ಹೇಳಲ್ಲ. ರೀಚ್ ಅಂದರೇನು ಅನ್ನೋದು ಆಯುಧಗಳ ಪಟ್ಟಿಯ ಹತ್ತಿರ, ಆಪರ್ಚುನಿಟಿ ಅಟ್ಯಾಕ್ ಕಾಳಗದ ಅಧ್ಯಾಯದಲ್ಲಿ. ಎರಡನ್ನೂ ಜೋಡಿಸಿಕೊಳ್ಳೋ ಕೆಲಸ ಓದುವವರದ್ದು. ಹೊಸಬರಿಗೆ ಒಂದೇ ಒಂದು ಚಿತ್ರ ಹಾಕಿದ್ದರೂ ಸಾಕಿತ್ತು.

ಆಮೇಲೆ ನಾನು ಕಾವಲು ನಿಲ್ಲೋದು ಬಿಟ್ಟೆ, ನಡೆಯೋಕೆ ಶುರು ಮಾಡಿದೆ. ಐದನೇ ಆವೃತ್ತಿಯಲ್ಲಿ ನಡಿಗೆಯನ್ನು ಒಡೆದು ಬಳಸಬಹುದು. ಸ್ವಲ್ಪ ನಡೆದು, ಹೊಡೆದು, ಉಳಿದಷ್ಟು ಮತ್ತೆ ನಡೆಯಬಹುದು. ನನ್ನ ವೇಗ 30 ಅಡಿ. 15 ಅಡಿ ಮುಂದೆ ಹೋಗಿ, ಎರಡು ಮನೆ ದೂರದಿಂದ ಬೀಸಿ, 15 ಅಡಿ ವಾಪಸ್. ಎದುರಾಳಿಯ ಕೈ ಒಂದೇ ಮನೆ ಉದ್ದ, ನಾನು ಅವನ ರೀಚ್ ಒಳಗೆ ಕಾಲೇ ಇಟ್ಟಿಲ್ಲ, ಹಾಗಾಗಿ ಹಿಂದೆ ಸರಿಯುವಾಗ ಅವನಿಗೆ ಏಟು ಸಿಗಲ್ಲ. ಏಟು ತಿನ್ನದೆ ಹಿಂದೆ ಸರಿಯೋ ಡಿಸ್‌ಎಂಗೇಜ್‌ಗೆ ಆ ಸರದಿಯ ಆಕ್ಷನ್ ಖರ್ಚು ಮಾಡಬೇಕಾಗಿಯೂ ಇಲ್ಲ. ದೋಟಿಯ ನಿಜವಾದ ಸುಖ ಇಲ್ಲಿದೆ. ಏಳು ವರ್ಷವಾದರೂ ನನಗಿದು ಬೇಜಾರಾಗಿಲ್ಲ.

ನಮ್ಮ ಗುಂಪಿನ ಪ್ಯಾಲಡಿನ್ (ಧರ್ಮಯೋಧೆ) ಬೆನ್ನ ಹಿಂದೆ ನಿಂತು ಅವಳ ತಲೆ ಮೇಲಿಂದ ಹೊಡೆಯೋದೂ ಸರಿಯೇ, ಆದರೆ ಒಂದು ಮಾತು ನೆನಪಿರಲಿ. ನಡುವೆ ಯಾರಿದ್ದರೂ, ನಮ್ಮವರೇ ಇದ್ದರೂ, ಎದುರಾಳಿಗೆ ಅರ್ಧ ಕವರ್ (ಮರೆ) ಸಿಗುತ್ತದೆ, ಅವನ ಎಸಿ (ಏಟು ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕ) 2 ಏರುತ್ತದೆ. ನಮಗಿದು ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಈಗ ಚೆಸ್‌ನ ಕುದುರೆ ಮನೆಗೆ ಸರಿದು ಹೊಡೆಯುತ್ತೇನೆ. ಅಲ್ಲಿಂದ ಕವರ್ ಇಲ್ಲ ಅಂತ ನಮ್ಮ ಟೇಬಲ್‌ನಲ್ಲಿ ಒಪ್ಪಿಕೊಂಡಿದ್ದೇವೆ.

ಎರಡು ಫೀಟ್ (ಪಾತ್ರ ಬೆಳೆದಂತೆ ಆರಿಸಿಕೊಳ್ಳೋ ವಿಶೇಷ ಕೌಶಲ) ತಗೊಂಡ ಮೇಲೆ ದೋಟಿಯ ಚಹರೆಯೇ ಬದಲಾಯಿತು. ಪೋಲ್‌ಆರ್ಮ್ ಮಾಸ್ಟರ್ ಇದ್ದರೆ ಶತ್ರು ನನ್ನ ರೀಚ್ ಒಳಗೆ ಬಂದರೂ ಆಪರ್ಚುನಿಟಿ ಅಟ್ಯಾಕ್. ಸೆಂಟಿನೆಲ್ ಇದ್ದರೆ ಆ ಏಟು ಬಿದ್ದವನ ವೇಗ ಆ ಸರದಿ ಮುಗಿಯುವವರೆಗೆ ಸೊನ್ನೆ. ಮೊದಲ ಸಲ ಇದು ಕೈಗೂಡಿದ್ದು ಒಂದು ಓಗರ್ (ದೈತ್ಯ ರಾಕ್ಷಸ) ಎದುರು. 40 ಅಡಿ ವೇಗದಲ್ಲಿ ನುಗ್ಗಿ ಬಂತು, ನನ್ನ ದಾಳದಲ್ಲಿ 17 ಬಿತ್ತು, ಓಗರ್ ಎರಡು ಮನೆ ಆಚೆಯೇ ನಿಂತಿತು. ಅದರ ದೊಣ್ಣೆ ಒಂದು ಮನೆಯಷ್ಟೇ ಉದ್ದ. ಡಿಎಂ ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡುತ್ತ ಕೂತ, ಆಮೇಲೆ ಓಗರ್ ಕೈಯಿಂದ ಜಾವೆಲಿನ್ ಎಸೆಸಿದ. ಅಷ್ಟರಲ್ಲಿ ಎರಡು ಹುಣಸೆ ಬೀಜ ನನ್ನ ಪಕ್ಕದಿಂದಲೇ ದಾಟಿ ಹೋದವು. ಒಂದು ಸುತ್ತಿನಲ್ಲಿ ಇಂಥ ಏಟಿಗೆ ಒಂದೇ ಅವಕಾಶ (ರಿಯಾಕ್ಷನ್), ಅದು ಓಗರ್ ಮೇಲೆ ಮುಗಿದಿತ್ತು. ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಅನ್ನೋ ಲೆಕ್ಕ ಅವತ್ತಿಂದ ಶುರುವಾಯಿತು.

ತೀರ್ಥಹಳ್ಳಿಯವನಿಗೆ ಇದೇ ಆಟದ 2003ರ 3.5 ಆವೃತ್ತಿಯೇ ಇಷ್ಟ. ಅದರಲ್ಲಿ ಗ್ಲೇವ್ ಎರಡನೇ ಮನೆಗೆ ಮಾತ್ರ ಮುಟ್ಟುತ್ತದೆ, ಪಕ್ಕದ ಮನೆಗೆ ಮುಟ್ಟೋದೇ ಇಲ್ಲ. "ಕಾಲ ಬುಡದಲ್ಲಿ ಬಿದ್ದ ಗೊನೇನ ದೋಟಿಯಿಂದ ಎತ್ತಕ್ಕೆ ಆಗುತ್ತೇನೋ" ಅನ್ನೋದು ಅವನ ವಾದ. ಅದು ನಿಜ. ಅಲ್ಲಿ ರೀಚ್ ಒಳಗಿನ ಮನೆಯಿಂದ ಕಾಲು ತೆಗೆದರೇ ಏಟು, ಹಾಗಾಗಿ ಶತ್ರು ಎರಡನೇ ಮನೆ ದಾಟಿ ಹತ್ತಿರ ಬರುವಾಗಲೇ ಒಂದು ಬೀಳುತ್ತದೆ. ಒಳಗೆ ಬಂದುಬಿಟ್ಟರೆ ಮಾತ್ರ ನೀವೇ ಹಿಂದೆ ಹೆಜ್ಜೆ ಇಡಬೇಕು. ಇದೇ ಬಗೆಯ ಇನ್ನೊಂದು ಆಟ, 2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿ ಆಡಿದಾಗ ನನಗೆ ಹಿಡಿಸಿದ್ದೂ ಇದೇ ಗುಣ. ಅಲ್ಲಿನ ಫೈಟರ್‌ಗೆ, ತನ್ನ ರೀಚ್‌ನಲ್ಲಿರೋ ಯಾವ ಮನೆಯಿಂದ ಶತ್ರು ಕಾಲು ತೆಗೆದರೂ ಹೊಡೆಯೋ ಅವಕಾಶ. ನಮ್ಮ ಸೇತುವೆ ಮೇಲಿನ ಗಾಬ್ಲಿನ್ ಮೊದಲ ನಡೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಇನ್ನು 2024ರ ಪುಸ್ತಕ. 384 ಪುಟ, ವಿಷಯ ಹುಡುಕೋದು ಸುಲಭವಾಗಿದೆ. ಆದರೆ ನನ್ನ ಓಗರ್ ತಡೆಯೋ ಜೋಡಿಯನ್ನು ಮುರಿದಿದ್ದಾರೆ. ಒಳಗೆ ಬಂದವನಿಗೆ ಪೋಲ್‌ಆರ್ಮ್ ಮಾಸ್ಟರ್ ಕೊಡೋ ಏಟು ಈಗಲೂ ಇದೆ, ಅದನ್ನು ಆಪರ್ಚುನಿಟಿ ಅಟ್ಯಾಕ್ ಅಂತ ಕರೆದಿಲ್ಲ ಅಷ್ಟೇ. ಸೆಂಟಿನೆಲ್ ನಿಲ್ಲಿಸೋದು ಆಪರ್ಚುನಿಟಿ ಅಟ್ಯಾಕ್ ಬಿದ್ದವನನ್ನು ಮಾತ್ರ. ಹಾಗಾಗಿ ಏಟು ತಿಂದರೂ ಓಗರ್ ನಡೆದುಕೊಂಡು ಬರುತ್ತದೆ. ಇದು ನನಗೆ ತುಂಬ ಬೇಸರ ತಂದಿದೆ. ಗ್ಲೇವ್‌ಗೆ ಈಗ ಗ್ರೇಜ್ ಅನ್ನೋ ಗುಣ ಕೊಟ್ಟಿದ್ದಾರೆ, ಗುರಿ ತಪ್ಪಿದರೂ ಸ್ವಲ್ಪ ಗಾಯ ಆಗುತ್ತದೆ. ತಡೆಯೋ ಕೆಲಸಕ್ಕೆ ಅದು ಬರಲ್ಲ.

ಅದಕ್ಕೇ ನಾನು ಪೈಕ್ ಅನ್ನೋ ಉದ್ದ ಈಟಿಗೆ ಬದಲಾಯಿಸಿಕೊಂಡೆ. ಅದರ ಗುಣ ಪುಶ್: ಏಟು ಬಿದ್ದರೆ ಎದುರಾಳಿ 10 ಅಡಿ ಹಿಂದಕ್ಕೆ. ಹೊಸ ಪೋಲ್‌ಆರ್ಮ್ ಮಾಸ್ಟರ್ ಜೊತೆ ಇದು ಚೆನ್ನಾಗಿ ಕೂಡುತ್ತದೆ. ಲೆಕ್ಕ ಹೀಗೆ. 30 ಅಡಿ ವೇಗದ ಶತ್ರು 30 ಅಡಿ ದೂರದಿಂದ ಹೊರಟರೆ, 20 ಅಡಿ ನಡೆದು ನನ್ನ ರೀಚ್ ಮುಟ್ಟುತ್ತಾನೆ. ಅಲ್ಲಿ ಏಟು, ಮತ್ತೆ 20 ಅಡಿ ದೂರಕ್ಕೆ. ಅವನ ಹತ್ತಿರ ಉಳಿದಿರೋದು 10 ಅಡಿ, ಎರಡು ಮನೆ ಆಚೆ ಬಂದು ನಿಲ್ಲುತ್ತಾನೆ. ಅವನೇ 25 ಅಡಿಯಿಂದ ಹೊರಟಿದ್ದರೆ 15 ಅಡಿ ಉಳಿದು ನನ್ನ ಪಕ್ಕಕ್ಕೇ ಬರುತ್ತಿದ್ದ. ಆ ಒಂದು ಮನೆ ವ್ಯತ್ಯಾಸಕ್ಕಾಗಿ ನಾನೀಗ ಪ್ರತಿ ಸರದಿಯ ಕೊನೆಗೆ ನಕ್ಷೆ ಮೇಲೆ ಬೆರಳಿಟ್ಟು ಎಣಿಸುತ್ತೇನೆ.

ನಕ್ಷೆಯ ಬಗ್ಗೆಯೂ ಎರಡು ಮಾತು. ದುಡ್ಡು ಕೊಟ್ಟು ತರಿಸಿದ ಮ್ಯಾಟ್ ಮೇಲೆ ಕೆಂಪು ಮಾರ್ಕರ್ ಕಲೆ ಮೂರೇ ತಿಂಗಳಿಗೆ ಕೂತುಬಿಟ್ಟಿತು, ಎಷ್ಟು ಒರೆಸಿದರೂ ಹೋಗಲಿಲ್ಲ. ಈಗ ಅವೆನ್ಯೂ ರಸ್ತೆಯಿಂದ ಚಾರ್ಟ್ ಹಾಳೆ ತಂದು, ಸ್ಕೇಲ್ ಇಟ್ಟು ಒಂದೊಂದು ಇಂಚಿಗೆ ಗೆರೆ ಎಳೆಯುತ್ತೇವೆ. ಹಾಳಾದರೆ ಇನ್ನೊಂದು.

ಹೊಸದಾಗಿ ಶುರು ಮಾಡುವವರು 2024ರದ್ದನ್ನೇ ತಗೊಳ್ಳಿ, ಪೈಕ್ ಹಿಡಿಯಿರಿ. 2014ರದ್ದು ಈಗಾಗಲೇ ಇದ್ದು, ಗ್ಲೇವ್ ಹಿಡಿದು ಸುಖವಾಗಿ ಆಡುತ್ತಿದ್ದರೆ ಹೊಸದಕ್ಕೆ ಅವಸರ ಬೇಡ. ನಮ್ಮ ಡಿಎಂ ಮುಂದಿನ ಕಥೆಯನ್ನು ಹಳೆ ಪುಸ್ತಕದ ಮೇಲೆ ನಡೆಸ್ತೀನಿ ಅಂದಿದ್ದಾನೆ. ನನ್ನ ಹಳೆ ಪಾತ್ರದ ಹಾಳೆ ಆ ಪುಸ್ತಕದಲ್ಲೇ, ಫೀಟ್‌ಗಳ ಪುಟದಲ್ಲಿ ಇಟ್ಟಿದೆ.