ಹಿಂದಿನ ಸೈಡಿನ ರೂಮು ಕೇಳಿ: ಹೆದ್ದಾರಿ ಪಕ್ಕದ ಅಗ್ಗದ ಲಾಡ್ಜ್ ಒಂದರ ಬಗ್ಗೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ಹಿರಿಯೂರು ದಾಟಿ ಚಿತ್ರದುರ್ಗ ಮುಟ್ಟುವುದರೊಳಗೆ, ಸರ್ವಿಸ್ ರಸ್ತೆಗೆ ಅಂಟಿಕೊಂಡ ಹಾಗೆ ಒಂದು ಮೂರಂತಸ್ತಿನ ಲಾಡ್ಜ್ ಇದೆ. ಹೆಸರು ಬರೆಯುವುದಿಲ್ಲ. ಇಷ್ಟು ವರ್ಷದ ಗಿರಾಕಿ ನಾನು, ಮುಂದೆಯೂ ಅಲ್ಲೇ ಮಲಗಬೇಕು. ಅಲ್ಲದೆ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಆ ದಾರಿಯ ಯಾವ ಅಗ್ಗದ ಲಾಡ್ಜಿಗಾದರೂ ಹೊಂದುತ್ತದೆ. ನನ್ನದು ಬೋರ್‌ವೆಲ್ ಪಂಪ್, ಸ್ಟಾರ್ಟರ್, ಕೇಬಲ್ ಮಾರುವ ಕೆಲಸ. ತುಮಕೂರಿನಿಂದ ಹಾವೇರಿವರೆಗೆ ಡೀಲರ್‌ಗಳ ಅಂಗಡಿ ಸುತ್ತುವುದು. ದುರ್ಗದ ಆಸುಪಾಸು ಹೆಚ್ಚುಕಡಿಮೆ ಬೆಂಗಳೂರು–ಹುಬ್ಬಳ್ಳಿ ದಾರಿಯ ಮಧ್ಯಭಾಗ. ಹಾಗಾಗಿ ರಾತ್ರಿಯಾದರೆ ಕಾರು ತಾನೇ ಅಲ್ಲಿಗೆ ತಿರುಗುತ್ತದೆ. ಈ ಹೆದ್ದಾರಿಯನ್ನು ಎಲ್ಲರೂ ಎನ್‌ಎಚ್‌ 4 ಅನ್ನುತ್ತಿದ್ದ ಕಾಲದಿಂದ ಈ ಲಾಡ್ಜ್ ನನಗೆ ಗೊತ್ತು. ಈಗ ಬೋರ್ಡಿನಲ್ಲಿ 48 ಇದೆ, ಬಾಯಲ್ಲಿ ಇನ್ನೂ 4.

ಆಗ ಐದೂವರೆ ನೂರಕ್ಕೆ ಸಿಗುತ್ತಿದ್ದ ನಾನ್ ಎಸಿ ಡಬಲ್ ರೂಮು ಈಗ 900 ರೂಪಾಯಿ. ಎಸಿಗೆ 1,400. ಎಸಿ ರೂಮಿಗೆ ಆ ದುಡ್ಡು ದಂಡ. ದುರ್ಗದ ಕಡೆ ರಾತ್ರಿ ಗಾಳಿ ಹೇಗೂ ಬೀಸುತ್ತದೆ, ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮಾರ್ಚಿನಿಂದ ಮೇವರೆಗೆ ಮಾತ್ರ ಮೂರನೇ ಮಹಡಿ ಬೇಡ. ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಒಂದು ಗಂಟೆಯಾದರೂ ತಣಿಯುವುದಿಲ್ಲ, ಫ್ಯಾನ್ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿರುತ್ತದೆ.

ಇಂಥ ಲಾಡ್ಜಿನಲ್ಲಿ ನಿದ್ದೆ ಬರುವುದೋ ಬಿಡುವುದೋ ಕೌಂಟರ್‌ನಲ್ಲೇ ತೀರ್ಮಾನವಾಗಿಬಿಡುತ್ತದೆ. ರಸ್ತೆ ಕಡೆಯ ರೂಮುಗಳಿಗೆ ಬಾಲ್ಕನಿ ಇದೆ, ದೊಡ್ಡ ಕಿಟಕಿ ಇದೆ. ಹೊಸಬರು ಬಂದರೆ ಮ್ಯಾನೇಜರ್ ಮೊದಲು ತೋರಿಸುವುದೇ ಅವನ್ನು. ತೊಗೊಳ್ಳಬೇಡಿ. ಲಾರಿಯವರು ಇಳಿಜಾರಿನಲ್ಲಿ ಏರ್ ಬ್ರೇಕ್ ಒತ್ತಿದಾಗಲೆಲ್ಲ ಕಿಟಕಿಯ ಗಾಜು ಕಂಪಿಸುತ್ತದೆ. ಅದಕ್ಕಾದರೂ ಒಗ್ಗಿಕೊಳ್ಳಬಹುದು, ಸ್ಲೀಪರ್ ಬಸ್ಸುಗಳಿಗೆ ಆಗುವುದಿಲ್ಲ. ರಾತ್ರಿ ಹನ್ನೆರಡರಿಂದ ಎರಡರವರೆಗೆ ಕೆಳಗಿನ ಹೋಟೆಲಿಗೆ ಒಂದಾದ ಮೇಲೊಂದು ಬಸ್ ಬಂದು ನಿಲ್ಲುತ್ತವೆ. ಎಂಜಿನ್ ಆಫ್ ಮಾಡುವುದಿಲ್ಲ. ಕ್ಲೀನರ್ ಹುಡುಗ ಬಸ್ಸಿನ ಮೈ ತಟ್ಟುತ್ತಾ "ಹತ್ತ್ ನಿಮಿಷ, ಹತ್ತ್ ನಿಮಿಷ" ಅಂತ ಕೂಗುತ್ತಾನೆ. ಹೊರಡುವಾಗ ಯಾರೋ ಒಬ್ಬರು ಟಾಯ್ಲೆಟ್‌ನಲ್ಲೇ ಉಳಿದಿರುತ್ತಾರೆ, ಅವರಿಗಾಗಿ ಹಾರ್ನ್.

ಹಿಂದಿನ ಸೈಡಿನ ರೂಮು ಚಿಕ್ಕದು, ಕಿಟಕಿ ತೆಗೆದರೆ ಕಾಣುವುದು ಈರುಳ್ಳಿ ಹೊಲ ಮತ್ತು ಒಂದು ಸಿಂಟೆಕ್ಸ್ ಟ್ಯಾಂಕು. ಸದ್ದಿಲ್ಲ. ಅದರಲ್ಲೂ ಒಂದನೇ ಮಹಡಿಯಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನಿಂದ ದೂರ ಇರುವ ಮೂಲೆಯ ಎರಡು ರೂಮು ಒಳ್ಳೆಯವು. ಹತ್ತಿರದವುಗಳಲ್ಲಿ ದಿಂಬಿಗೂ ಒಗ್ಗರಣೆ ವಾಸನೆ. ಹಿಂದುಗಡೆ ಸೊಳ್ಳೆ ಜಾಸ್ತಿ ಅನ್ನುವುದು ನಿಜ. ಕಿಟಕಿಯ ಜಾಲರಿ ಮೂಲೆಯಲ್ಲಿ ಹರಿದಿರುವುದನ್ನು ನಾನೇ ಹಲವು ಸಲ ಹೇಳಿದ್ದೇನೆ, ಅದಕ್ಕೊಂದು ಸೆಲೋಟೇಪ್ ಬಂದಿದೆ ಅಷ್ಟೆ. ಸೊಳ್ಳೆಬತ್ತಿ ಕೌಂಟರ್‌ನಲ್ಲಿ ಮಾರುತ್ತಾರೆ. ಜಾಲರಿ ರಿಪೇರಿ ಆಗದಿರುವುದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ನೀವೇ ಊಹಿಸಿ.

ನನ್ನ ಕಸುಬು ನೀರಿನದ್ದಾದ್ದರಿಂದ ಬಾತ್‌ರೂಮನ್ನು ಸ್ವಲ್ಪ ಹೆಚ್ಚೇ ನೋಡುತ್ತೇನೆ. ಈ ಭಾಗದ ಬೋರ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಶವರಿನ ತೂತುಗಳಲ್ಲಿ ಬಿಳಿ ಕಲ್ಲು ಕಟ್ಟಿ ನೀರು ನಾಲ್ಕು ದಿಕ್ಕಿಗೆ ಚಿಮ್ಮುತ್ತದೆ. ಶವರ್ ಮರೆತು ಬಕೆಟ್ಟಿಗೆ ಬನ್ನಿ. ಫ್ಲೋರೈಡ್ ಇರುವ ಜಿಲ್ಲೆಯಿದು, ನಲ್ಲಿ ನೀರು ಬಾಯಿ ಮುಕ್ಕಳಿಸುವುದಕ್ಕೆ ಸರಿ, ಕುಡಿಯಲು ಬೇಡ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಅದಕ್ಕೆ ಆರ್‌ಒ ಬೇಕು. ಕೆಳಗೆ ಹೋಟೆಲಿನಲ್ಲಿ ಆರ್‌ಒ ಇದೆ, ಬಾಟಲಿ ತುಂಬಿಸಿಕೊಳ್ಳುತ್ತೇನೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಬಿಸಿನೀರಿನ ಕಥೆ ಬೇರೆ. ಮೊದಲು ಹಿಂದೆ ಒಂದು ಸೌದೆ ಬಾಯ್ಲರ್ ಇತ್ತು. ಬೆಳಗ್ಗೆ ಐದಕ್ಕೆ ಅಜ್ಜ ಒಬ್ಬರು ತೆಂಗಿನ ಗರಿ, ಕಾಯಿ ಚಿಪ್ಪು ಹಾಕಿ ಉರಿ ಹಚ್ಚುತ್ತಿದ್ದರು. ಎಂಟರವರೆಗೆ ಯಾವ ಮಹಡಿಯಲ್ಲಿ ನಲ್ಲಿ ತಿರುಗಿಸಿದರೂ ಕೈ ಸುಡುವ ನೀರು. ಆಮೇಲೆ ಸೋಲಾರ್ ಬಂತು, ಬಾಯ್ಲರ್ ಗುಜರಿಗೆ ಹೋಯಿತು. ಕಾಗದದ ಮೇಲೆ ಸುಧಾರಣೆಯೇ. ಆದರೆ ಸೋಲಾರ್ ಟ್ಯಾಂಕಿನಲ್ಲಿರುವುದು ಹಿಂದಿನ ದಿನದ ಬಿಸಿಲು. ಸಂಜೆ ಬಂದವರು ಒಂದಷ್ಟು ಖಾಲಿ ಮಾಡುತ್ತಾರೆ, ಖಾಲಿಯಾದಷ್ಟೂ ತಣ್ಣೀರು ಒಳಗೆ ಸೇರಿ ಬೆಳಗ್ಗೆ ಏಳರ ಹೊತ್ತಿಗೆ ಉಗುರು ಬೆಚ್ಚಗೂ ಉಳಿದಿರುವುದಿಲ್ಲ. ಮೇಲೆ ಈ ಗಡಸು ನೀರು ಗಾಜಿನ ಕೊಳವೆಯೊಳಗೆ ಪದರ ಕಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸದಿದ್ದರೆ ಬಿಸಿಲು ಎಷ್ಟಿದ್ದರೂ ಪ್ರಯೋಜನವಿಲ್ಲ. ಮಾಲೀಕರಿಗೆ ಹೇಳಿದೆ. "ಬ್ಯಾಕಪ್ ಕಾಯಿಲ್ ಹಾಕ್ಸಾಣ ಸಾರ್" ಅಂದರು. ಅಂದಿದ್ದು ಯಾವಾಗಲೋ.

ಉಪಾಯ ಇಷ್ಟೆ: ಆರಕ್ಕೆ ಮುಂಚೆ ಎದ್ದು ಸ್ನಾನ ಮುಗಿಸಿ. ಮೊದಲ ಬಕೆಟ್ ತಣ್ಣಗೇ ಬರುತ್ತದೆ, ಪೈಪಿನಲ್ಲಿ ನಿಂತ ನೀರು ಅದು. ಅದನ್ನು ಬಟ್ಟೆಗೋ ಫ್ಲಶ್ಶಿಗೋ ಇಟ್ಟುಕೊಳ್ಳಿ. ಎರಡನೆಯದು ಬಿಸಿ. "ಬಿಸಿನೀರಿಲ್ಲ" ಅಂತ ಫೋನ್ ಎತ್ತಿ ಕೂಗಾಡುವವರಲ್ಲಿ ಅರ್ಧದಷ್ಟು ಮಂದಿ ಆ ಮೊದಲ ಬಕೆಟ್ಟಿಗೇ ಸೋತವರು.

ಒಂದಂತೂ ಒಪ್ಪಬೇಕು, ಈಗ ನೀರೇ ಇಲ್ಲದ ದಿನ ಇಲ್ಲ. ಮೊದಲು ಏಪ್ರಿಲ್ ಬಂತೆಂದರೆ ಟ್ಯಾಂಕರ್ ಬರುವವರೆಗೆ ನಲ್ಲಿ ಬುಸ್ ಅನ್ನುತ್ತಿತ್ತು. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ಮಳೆಗೆ ಈ ಕಡೆಯ ಎಷ್ಟೋ ಬೋರ್‌ಗಳಲ್ಲಿ ನೀರು ಮೇಲೆ ಬಂತು. ನಮ್ಮ ಪಂಪ್ ವ್ಯಾಪಾರ ಆ ವರ್ಷ ಡಲ್ಲು, ಲಾಡ್ಜಿನ ನಲ್ಲಿ ಭರ್ಜರಿ.

ಹಾಸಿಗೆ ಬಗ್ಗೆ. ಕೆಳಗಿನ ಬೆಡ್‌ಶೀಟ್ ಬದಲಿಸುತ್ತಾರೆ, ದಿಂಬಿನ ಕವರ್ ಕೇಳಿದರೆ ಬದಲಿಸುತ್ತಾರೆ, ರಗ್ಗು ಯಾವ ಕಾಲಕ್ಕೂ ಇಲ್ಲ. ಕಾಫಿ ಬಣ್ಣದ, ಹುಲಿ ಚಿತ್ರದ ಆ ರಗ್ಗನ್ನು ನಾನು ಮಡಿಸಿ ಕುರ್ಚಿ ಮೇಲಿಟ್ಟು ಕಾರಿನಲ್ಲಿರುವ ನನ್ನ ಹೊದಿಕೆ ತರುತ್ತೇನೆ. ಶೀಟ್ ಎತ್ತಿ ಹಾಸಿಗೆಯ ಹೊಲಿಗೆಗೆ ಮೊಬೈಲ್ ಟಾರ್ಚ್ ಬಿಡುವುದು ಅಭ್ಯಾಸ. ತಿಗಣೆ ಇದ್ದರೆ ಆ ಹೊಲಿಗೆಯ ಸಂದಿನಲ್ಲಿ ಕಪ್ಪು ಚುಕ್ಕಿಗಳು ಕಾಣುತ್ತವೆ. ಇಲ್ಲಿ ನನಗೆ ಕಂಡಿಲ್ಲ, ಇದೇ ರಸ್ತೆಯ ಇನ್ನೊಂದು ಕಡೆ ಕಂಡಿದ್ದಕ್ಕೇ ಇಲ್ಲಿಗೆ ಕಾಯಂ ಆದದ್ದು. ರೂಮಿಗೆ ಇರುವುದು ಒಂದೇ ಪ್ಲಗ್ ಪಾಯಿಂಟ್, ಅದೂ ಟಿವಿ ಕೆಳಗೆ, ಮಂಚದಿಂದ ದೂರ. ಟಿವಿ ವೈರು ಕಿತ್ತು ಮೊಬೈಲ್ ಚುಚ್ಚಿ. ಟಿವಿಗೆ ರೀಚಾರ್ಜ್ ಹೇಗೂ ಮುಗಿದಿರುತ್ತದೆ.

ನಡುವೆ ಕೆಲ ಕಾಲ ಲಾಡ್ಜ್ ಒಂದು ಬುಕಿಂಗ್ ಆಪ್‌ನವರ ಜೊತೆ ಸೇರಿತ್ತು. ಬೋರ್ಡ್ ಬದಲಾಯಿತು, ಬಿಳಿ ಬೆಡ್‌ಶೀಟ್ ಬಂತು, ಸಣ್ಣ ಸೋಪು, ಶಾಂಪೂ ಪೊಟ್ಟಣ ಬಂದವು. ಅದೆಲ್ಲ ಸರಿ, ಆದರೆ 24 ಗಂಟೆ ಚೆಕ್‌ಔಟ್ ಹೋಯಿತು. ನಮ್ಮಂಥವರಿಗೆ ಲಾಡ್ಜಿನ ಜೀವಾಳವೇ ಅದು. ಬೆಳಗಿನ ಜಾವ ನಾಲ್ಕಕ್ಕೆ ಬಂದರೆ ಮರುದಿನ ನಾಲ್ಕರವರೆಗೆ ರೂಮು ನಮ್ಮದು. ಆಪ್ ಬಂದ ಮೇಲೆ ಮಧ್ಯಾಹ್ನ 12ಕ್ಕೆ ಒಳಗೆ, ಬೆಳಗ್ಗೆ 11ಕ್ಕೆ ಹೊರಗೆ. ನಾಲ್ಕಕ್ಕೆ ಬಂದವನು ಏಳೇ ಗಂಟೆಯ ವಾಸಕ್ಕೆ ಪೂರ್ತಿ ದಿನದ ಬಾಡಿಗೆ ಕೊಡಬೇಕು.

ಆಮೇಲೆ ಅವರಿಗೂ ಮಾಲೀಕರಿಗೂ ಲೆಕ್ಕದಲ್ಲಿ ಬಿಗಡಾಯಿಸಿತು. ದುಡ್ಡು ಕಟ್ಟಿ ಬುಕ್ ಮಾಡಿಕೊಂಡು ರಾತ್ರಿ ಹತ್ತೂವರೆಗೆ ಹೋಗಿ ಮೊಬೈಲ್ ತೋರಿಸಿದರೆ ಮ್ಯಾನೇಜರ್ ತಲೆ ಎತ್ತದೆ, "ಆಪ್‌ನೋರು ನಮ್ಗೆ ದುಡ್ ಹಾಕಿಲ್ಲ ಸಾರ್. ಅದನ್ನ ಕ್ಯಾನ್ಸಲ್ ಮಾಡಿ ನಮ್ಗೇ ಕೊಟ್ಬಿಡಿ, ರೂಮ್ ಐತೆ" ಅಂದರು. ನನ್ನ ಹಿಂದೆ ಹೊಸಪೇಟೆಗೆ ಹೊರಟ ಒಂದು ಕುಟುಂಬ, ಹೆಗಲ ಮೇಲೆ ಮಲಗಿದ ಮಗು. ಅವರಿಗೂ ಅದೇ ಉತ್ತರ. ಕಸ್ಟಮರ್ ಕೇರ್ ಸಂಗೀತ ಕೇಳಿಸುತ್ತಲೇ ಇತ್ತು. ಆ ಮಗುವಿನ ಅಪ್ಪ ಕೊನೆಗೆ ಎರಡನೇ ಸಲ ದುಡ್ಡು ಕೊಟ್ಟರು, ನಾನೂ ಕೊಟ್ಟೆ. ಈ ಜಗಳ ನಮ್ಮದಲ್ಲ, ದಂಡ ಮಾತ್ರ ನಮ್ಮದು. ಇದಕ್ಕೆ ಲಾಡ್ಜಿನವರನ್ನೂ ನಾನು ಕ್ಷಮಿಸಿಲ್ಲ, ಆಪ್‌ನವರನ್ನೂ. ಈಗ ಆ ಬೋರ್ಡ್ ಇಲ್ಲ, 24 ಗಂಟೆ ಮರಳಿ ಬಂದಿದೆ, ಶಾಂಪೂ ಹೋಗಿದೆ. ಒಳ್ಳೆಯ ವ್ಯವಹಾರ.

ಕಂಪನಿಗೆ ಬಿಲ್ ಕೊಡಬೇಕಾದವರಿಗೆ ಒಂದು ಮಾತು. 2022ರ ಜುಲೈ 18ಕ್ಕೆ ಮೊದಲು ದಿನಕ್ಕೆ 1,000 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ, ಆಮೇಲೆ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5. ಅಂದರೆ 900ರ ರೂಮಿಗೆ 45 ರೂಪಾಯಿ. ಇನ್ನೂ 108 ಕೇಳುವ ಕೌಂಟರ್‌ಗಳಿವೆ, ನೋಡಿಕೊಳ್ಳಿ. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದ ಸಣ್ಣ ಲಾಡ್ಜ್ ನೋಂದಣಿ ಮಾಡಿಸಲೇಬೇಕೆಂದಿಲ್ಲ, ಆದರೆ ನೋಂದಣಿ ಇಲ್ಲದವರು ತೆರಿಗೆ ಅಂತ ಕೇಳುವಂತೆಯೂ ಇಲ್ಲ. ಬಿಲ್ಲಿನಲ್ಲಿ 29ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ನಂಬರ್ ಇದ್ದರೆ ತೆರಿಗೆ ಕೊಡಿ, ಇಲ್ಲದಿದ್ದರೆ ಬರೀ 900.

ಆಧಾರ್ ಜೆರಾಕ್ಸ್ ಕೇಳುತ್ತಾರೆ. ಆ ಜೆರಾಕ್ಸ್‌ಗಳು ಕೌಂಟರ್ ಹಿಂದೆ ಹಾಲಿನ ಕ್ರೇಟಿನಲ್ಲಿ ಬಿದ್ದಿರುವುದನ್ನು ನೋಡಿದ ಮೇಲೆ ನಾನು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರಿಂಟ್ ಇಟ್ಟುಕೊಂಡಿದ್ದೇನೆ. ಯುಐಡಿಎಐ ವೆಬ್‌ಸೈಟಿನಿಂದಲೇ ಅದು ಸಿಗುತ್ತದೆ. ಒಮ್ಮೆ ಗೊಣಗಿದರು, ಈಗ ಸುಮ್ಮನೆ ತೊಗೊಳ್ಳುತ್ತಾರೆ. ಚಿತ್ರದುರ್ಗ ಜಿಲ್ಲೆಯ ವಿಳಾಸ ಇದ್ದರೆ "ಲೋಕಲ್ ಐಡಿ ನಡಿಯಲ್ಲ" ಅಂತ ವಾಪಸ್ ಕಳಿಸುತ್ತಾರೆ. ಚಳ್ಳಕೆರೆಯ ನಮ್ಮ ಡೀಲರ್ ಒಬ್ಬರು ಮಳೆಯಲ್ಲಿ ಸಿಕ್ಕಿಕೊಂಡು, ಅಲ್ಲೇ ಅರ್ಧ ಗಂಟೆ ವಾದ ಮಾಡಿಯೂ ರೂಮು ಸಿಗದೆ ಹೋದರು. ಕಾನೂನಲ್ಲ, ಪೊಲೀಸರ ತಲೆನೋವು ಬೇಡ ಅನ್ನುವ ಲೆಕ್ಕ. ನನಗೆ ಸರಿ ಕಾಣುವುದಿಲ್ಲ.

ಕುಟುಂಬದವರು ಬರಬಹುದೇ? ಈಗ ಬರಬಹುದು. ಮೊದಲು ನೆಲಮಹಡಿಯಲ್ಲಿ ಬಾರ್ ಇತ್ತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಮುಚ್ಚಿತು. ಅದೇ ಜಾಗ ಈಗ 'ಫ್ಯಾಮಿಲಿ ರೆಸ್ಟೋರೆಂಟ್'. ಮೆಟ್ಟಿಲ ಮೇಲಿನ ಗಲಾಟೆ ಅಂದಿಗೇ ನಿಂತಿತು. ಆದರೆ ಒಂಟಿ ಹೆಣ್ಣುಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ. ನಮ್ಮ ಆಫೀಸಿನ ಸಹೋದ್ಯೋಗಿ ಒಬ್ಬರು ಆಡಿಟ್‌ಗೆ ಬಂದಾಗ ಇಲ್ಲಿ ಉಳಿದಿದ್ದರು. ಯಾರೂ ತೊಂದರೆ ಕೊಡಲಿಲ್ಲ, ಆದರೂ ರೂಮಿನ ಒಳಚಿಲಕ ಸಡಿಲ, ಕಾರಿಡಾರಿನ ಲೈಟ್ ಹನ್ನೊಂದಕ್ಕೆ ಆಫ್, ಇಂಟರ್‌ಕಾಮ್ ಸತ್ತಿದೆ. ಬೆಳಗ್ಗೆ ಅವರು ಹೇಳಿದ್ದು, "ಕುರ್ಚಿ ಬಾಗಿಲಿಗೆ ಅಡ್ಡ ಇಟ್ಕೊಂಡು ಮಲಗಿದೆ ಸಾರ್." 200 ರೂಪಾಯಿಯ ಚಿಲಕ ಬದಲಿಸಲು ಆಗದವರು ಕಳೆದ ವರ್ಷ ರಿಸೆಪ್ಷನ್‌ಗೆ ಬಣ್ಣ ಬದಲಾಗುವ ಎಲ್‌ಇಡಿ ಪಟ್ಟಿ ಹಾಕಿಸಿದ್ದಾರೆ.

ಕೆಲಸದವರ ಬಗ್ಗೆ ದೂರಿಲ್ಲ. ರಾತ್ರಿ ಪಾಳಿಯ ಹುಡುಗ ರಾಯಚೂರು ಕಡೆಯವನು, ಕಾರಿನ ಸದ್ದು ಕೇಳಿದರೆ ಸಾಕು, "ಅಣ್ಣಾರ, ಮೂಲಿ ರೂಮ್ ಇಟ್ಟೀನ್ರಿ" ಅಂತ ಕೀ ಹಿಡಿದೇ ಬರುತ್ತಾನೆ. ಅವನಿಗೆ ಕೊಡುವ ಐವತ್ತು ರೂಪಾಯಿ ಇಡೀ ಬಿಲ್ಲಿನಲ್ಲಿ ನನಗೆ ಬೇಸರವಾಗದ ಖರ್ಚು.

ಊಟ ಸುಮಾರು. ಅನ್ನ ಸಾಂಬಾರು ತಿನ್ನಬಹುದು, ಉತ್ತರ ಭಾರತದ ಪಟ್ಟಿಗೆ ಕೈ ಹಾಕಬೇಡಿ, ಎಲ್ಲಕ್ಕೂ ಒಂದೇ ಕೆಂಪು ಗ್ರೇವಿ. ಸಂಜೆ ಐದರಿಂದ ಏಳರವರೆಗೆ ಹೊರಗಿನ ಗಾಡಿಯಲ್ಲಿ ಮಂಡಕ್ಕಿ–ಮೆಣಸಿನಕಾಯಿ ಸಿಗುತ್ತದೆ, ಅದು ಚೆನ್ನಾಗಿದೆ. ಬೆಳಗ್ಗೆ ಕಾಫಿ ಮಾತ್ರ ಕುಡಿದು ಹೊರಡಿ, ದಾವಣಗೆರೆ ಒಂದು ಗಂಟೆ ದಾರಿ, ಹೊಟ್ಟೆಯಲ್ಲಿ ಬೆಣ್ಣೆದೋಸೆಗೆ ಜಾಗ ಇರಲಿ.

ಐದಕ್ಕೆ ಮೂರು ಸ್ಟಾರ್. ಚಿಲಕ, ಜಾಲರಿ, ಸೋಲಾರ್ ಕಾಯಿಲ್ ಸರಿಮಾಡಿದರೆ ನಾಲ್ಕು. ಹೋಗುವವರು ಆಪ್ ಬಿಟ್ಟು ನೇರ ಫೋನ್ ಮಾಡಿ, ಒಂದನೇ ಮಹಡಿ ಹಿಂದಿನ ಸೈಡ್ ಅಂತ ಬಾಯಿಬಿಟ್ಟು ಹೇಳಿ. ಡಿಸೆಂಬರ್–ಜನವರಿಯಲ್ಲಿ ಕೋಟೆ ನೋಡಲು ಶಾಲೆಗಳ ಬಸ್ ಬರುತ್ತವೆ, ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ, ಮದುವೆ ಮುಹೂರ್ತದ ದಿನಗಳಂತೂ ಬೇರೆಯೇ. ಆಗೆಲ್ಲ 200 ರೂಪಾಯಿ ಮುಂಗಡ ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪಾಳಿ ಬದಲಾದರೆ ಮ್ಯಾನೇಜರ್ ಬೇರೆಯವರಿರುತ್ತಾರೆ, ಬಾಯಿಮಾತು ಅವರ ಕಿವಿಗೆ ಹೋಗಿರುವುದಿಲ್ಲ.